ಒಂದು ಟಿಕ್, ಎರಡು ಇಂಜೆಕ್ಷನ್

ನಮ್ಮನೆ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಚಾರ್ಟ್ ಇತ್ತು. ಎಡಗಡೆ ತಾರೀಕು, ಪಕ್ಕದಲ್ಲಿ ‘ಬೆಳಗ್ಗೆ’, ‘ರಾತ್ರಿ’ ಅಂತ ಎರಡು ಕಾಲಂ. ಅತ್ತೆಗೆ ಇನ್ಸುಲಿನ್ ಕೊಟ್ಟವರು ಆ ಚೌಕದಲ್ಲಿ ಒಂದು ಟಿಕ್ ಹಾಕಬೇಕು. ನಿಯಮ ಅಷ್ಟೇ. ಚಾರ್ಟ್ ಮಾಡಿದ್ದು ನಾನೇ. ಸಾಫ್ಟ್‌ವೇರ್ ಕೆಲಸದವಳಲ್ವಾ, ಎಕ್ಸೆಲ್‌ನಲ್ಲಿ ಗೆರೆ ಎಳೆದು, ಬಣ್ಣ ತುಂಬಿ, ಪ್ರಿಂಟ್ ತೆಗೆದು ಅಂಟಿಸಿದ್ದೆ. ಎಂಟು ತಿಂಗಳು ಒಂದು ದಿನವೂ ತಪ್ಪಲಿಲ್ಲ.

ಒಂಬತ್ತನೇ ತಿಂಗಳಲ್ಲಿ ಒಂದು ಗುರುವಾರ. ರಾತ್ರಿ ಎಂಟಕ್ಕೆ ಸ್ವಲ್ಪ ಮುಂಚೆ ನನ್ನ ಗಂಡ ಆಫೀಸಿನಿಂದ ಬಂದವರೇ ಚಾರ್ಟ್ ನೋಡಿದರು. ರಾತ್ರಿಯ ಚೌಕ ಖಾಲಿ. ಕೈ ತೊಳೆದುಕೊಂಡು ಹೋಗಿ ಅಮ್ಮನಿಗೆ 14 ಯೂನಿಟ್ ಇನ್ಸುಲಿನ್ ಕೊಟ್ಟರು. ಇನ್ಸುಲಿನ್ ಪೆನ್ ವಾಪಸ್ ಇಟ್ಟು ಇನ್ನೇನು ಟಿಕ್ ಹಾಕಬೇಕು, ಆಫೀಸಿನಿಂದ ಫೋನು. ಮಾತಾಡುತ್ತಾ ಬಾಲ್ಕನಿಗೆ ಹೋದರು.

ಮಗಳಿಗೆ ಮಗ್ಗಿ ಬಾಯಿಪಾಠ ಮಾಡಿಸಿ ನಾನು ರೂಮಿನಿಂದ ಹೊರಗೆ ಬಂದಿದ್ದು ಆಗಲೇ. ಚಾರ್ಟ್ ನೋಡಿದೆ. ರಾತ್ರಿಯ ಚೌಕ ಖಾಲಿ. ನಾನೂ ಕೈ ತೊಳೆದುಕೊಂಡು ಹೋಗಿ 14 ಯೂನಿಟ್ ಕೊಟ್ಟೆ. ಬಂದು ಟಿಕ್ ಹಾಕಿದೆ. ಫೋನು ಮುಗಿಸಿದ ಇವರು ಟಿಕ್ ಹಾಕೋಣ ಅಂತ ಬಂದರೆ ಅಲ್ಲಿ ಆಗಲೇ ಟಿಕ್ ಇದೆ. ‘ನಾನು ಮರೆತದ್ದನ್ನ ಇವಳು ಹಾಕಿದ್ದಾಳೆ’ ಅಂದುಕೊಂಡು ಸುಮ್ಮನಾದರು.

ಚಾರ್ಟ್ ನೋಡಿದರೆ ಎಲ್ಲಾ ಸರಿಯಾಗಿತ್ತು. ಒಂದು ರಾತ್ರಿ, ಒಂದು ಟಿಕ್.

ಹತ್ತೂವರೆ ಹೊತ್ತಿಗೆ ಅತ್ತೆ ನನ್ನನ್ನು ಕರೆದರು. ಫ್ಯಾನ್ ಕೆಳಗೆ ಕೂತಿದ್ದವರ ಸೀರೆಯೆಲ್ಲಾ ಬೆವರಿಗೆ ಒದ್ದೆ. ಕೈ ನಡುಗುತ್ತಿತ್ತು. ಮೊಮ್ಮಗಳ ಹೆಸರು ಹೇಳಲು ಹೋಗಿ ತಮ್ಮ ತಂಗಿಯ ಹೆಸರು ಹೇಳಿದರು. ಗ್ಲುಕೋಮೀಟರ್ ಹಚ್ಚಿದರೆ 52. ಸಕ್ಕರೆ ನೀರು ಕುಡಿಸುತ್ತಾ ಡಾಕ್ಟರಿಗೆ ಫೋನ್ ಮಾಡಿದೆವು. “ಎಷ್ಟು ಯೂನಿಟ್ ಕೊಟ್ರಿ?” ಅಂತ ಅವರು ಕೇಳಿದಾಗ ನಾವಿಬ್ಬರೂ ಒಟ್ಟಿಗೇ ಬಾಯಿ ಬಿಟ್ಟೆವು.

“ನಾನು 14 ಕೊಟ್ಟೆ.”

ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದೆವು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಗಂಟೆ ಗಂಟೆಗೂ ಸಕ್ಕರೆ ನೋಡುತ್ತಾ ಬೆಳಗಿನ ತನಕ ಇಟ್ಟುಕೊಂಡರು. ಅತ್ತೆ ಸುಧಾರಿಸಿಕೊಂಡ ಮೇಲೆ ಕೇಳಿದೆ, “ಎರಡನೇ ಸಲ ಚುಚ್ಚುವಾಗ ಒಂದು ಮಾತು ಹೇಳಬಾರದಿತ್ತಾ ಅತ್ತೆ?” ಅವರು ಹೇಳಿದ್ದು ಇವತ್ತಿಗೂ ಚುಚ್ಚುತ್ತದೆ. “ಮಗ ಕೊಟ್ಟ ಮೇಲೆ ಸೊಸೆನೂ ಬಂದು ಕೊಡ್ತಾಳೆ ಅಂದ್ರೆ ಡಾಕ್ಟ್ರು ಜಾಸ್ತಿ ಮಾಡಿರ್ಬೇಕು ಅಂದ್ಕೊಂಡೆ ಕಣೇ. ನಿಮಗೆ ತಿಳಿಯದ್ದು ನಂಗೇನು ತಿಳಿಯುತ್ತೆ?”

ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಇವರು, “ತಪ್ಪು ನಂದೇ, ಟಿಕ್ ಹಾಕಿ ಆಮೇಲೆ ಫೋನ್ ಎತ್ತಬೇಕಿತ್ತು” ಅಂದರು. ನಾನು, “ಇಲ್ಲ, ನಂದು. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು” ಅಂದೆ. ಎರಡೂ ನಿಜ. ಆದರೆ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ನನಗೆ ಇನ್ನೊಂದು ಹೊಳೆದು ಮೈ ಜುಂ ಅಂತು. ಈ ತಪ್ಪು ನನಗೆ ಗೊತ್ತಿರುವ ತಪ್ಪು. ಇದಕ್ಕೊಂದು ಹೆಸರಿದೆ. ಆಫೀಸಿನಲ್ಲಿ ಇದನ್ನು ಹುಡುಕಿ ಸರಿಮಾಡಲಿಕ್ಕೇ ನನಗೆ ಸಂಬಳ ಕೊಡುತ್ತಾರೆ.

ಅದರ ಹೆಸರು ರೇಸ್ ಕಂಡೀಷನ್.

ಈಗ ನಿಮ್ಮ ಕೈಲಿರುವ ಫೋನನ್ನೇ ತಗೊಳ್ಳಿ. ಯಾವುದೋ ಆ್ಯಪ್ ತೆರೆದಿದ್ದೀರಿ. ಅದರೊಳಗೆ ಒಬ್ಬನೇ ಕೆಲಸಗಾರ ಇರುವುದಿಲ್ಲ. ಒಬ್ಬ ತೆರೆಯ ಮೇಲೆ ಚಿತ್ರ, ಅಕ್ಷರ ಬಿಡಿಸುತ್ತಿರುತ್ತಾನೆ. ಇನ್ನೊಬ್ಬ ಇಂಟರ್ನೆಟ್ಟಿನಿಂದ ಹೊಸ ಮಾಹಿತಿ ತರುತ್ತಿರುತ್ತಾನೆ. ಮತ್ತೊಬ್ಬ ಅದನ್ನು ಫೋನಿನಲ್ಲಿ ಉಳಿಸುತ್ತಿರುತ್ತಾನೆ. ಈ ಕೆಲಸಗಾರರಿಗೆ ನಾವು ಥ್ರೆಡ್ ಅನ್ನುತ್ತೇವೆ. ಎಲ್ಲರೂ ಒಂದೇ ಮನೆಯವರು, ಒಂದೇ ಮೆಮೊರಿ ಹಂಚಿಕೊಳ್ಳುವವರು. ನಿಮ್ಮ ಹೆಸರು, ವಿಳಾಸ, ಆರ್ಡರ್, ಬಾಕಿ ಹಣ, ಹೀಗೆ ಆ್ಯಪ್‌ಗೆ ಗೊತ್ತಿರುವುದನ್ನೆಲ್ಲಾ ಒಂದು ಅಚ್ಚಿನಲ್ಲಿ ಜೋಡಿಸಿಟ್ಟಿರುವುದೇ ಡೇಟಾ ಮಾಡೆಲ್. ಅಂದರೆ ನಮ್ಮ ಫ್ರಿಜ್ ಮೇಲಿನ ಚಾರ್ಟ್.

ಎಷ್ಟು ಥ್ರೆಡ್‌ಗಳು, ಯಾವ ಕ್ರಮದಲ್ಲಿ, ಎಷ್ಟೇ ಅವಸರದಲ್ಲಿ ಬಂದು ಮುಟ್ಟಿದರೂ ಆ ಚಾರ್ಟ್ ಸುಳ್ಳು ಹೇಳಬಾರದು. ಅದಕ್ಕೆ ಥ್ರೆಡ್ ಸೇಫ್ಟಿ ಅಂತ ಹೆಸರು. ಕೇಳಲು ಸುಲಭ. ಆದರೆ ‘ಒಂದು ಕೂಡಿಸು’ ಅನ್ನುವ ಒಂದನೇ ಕ್ಲಾಸಿನ ಲೆಕ್ಕದಲ್ಲೇ ಇದು ಕೈಕೊಡುತ್ತದೆ. ಒಂದು ಫೋಟೊಗೆ 99 ಲೈಕ್ ಇದೆ ಅಂದುಕೊಳ್ಳಿ. ಕೂಡಿಸುವುದು ಅಂದರೆ ಕಂಪ್ಯೂಟರಿಗೆ ಮೂರು ಕೆಲಸ: ಈಗ ಎಷ್ಟಿದೆ ಓದು, ಒಂದು ಸೇರಿಸು, ವಾಪಸ್ ಬರೆ. ಮೊದಲ ಥ್ರೆಡ್ 99 ಓದಿತು. ಅದು ಬರೆಯುವ ಮುಂಚೆ ಎರಡನೆಯದೂ ಬಂದು 99 ಓದಿತು. ಇಬ್ಬರೂ ನ್ಯಾಯವಾಗಿ ಒಂದು ಸೇರಿಸಿ 100 ಬರೆದರು. ಬಂದದ್ದು ಎರಡು ಲೈಕ್, ಏರಿದ್ದು ಒಂದು. 

ಲೈಕ್ ಆದರೆ ಹೋಗಲಿ ಬಿಡಿ. ಅತ್ತೆ ವಿಷಯದಲ್ಲಿ ಆದದ್ದೂ ಇದೇ. ಇಬ್ಬರೂ ಓದಿದೆವು, ಇಬ್ಬರಿಗೂ ‘ಖಾಲಿ’ ಕಂಡಿತು, ಇಬ್ಬರೂ ಮಾಡಬೇಕಾದ್ದನ್ನೇ ಮಾಡಿದೆವು. ಯಾರಾದರೂ ಒಬ್ಬರು ಸೋಮಾರಿಯಾಗಿದ್ದರೆ ಆ ರಾತ್ರಿ ಏನೂ ಆಗುತ್ತಿರಲಿಲ್ಲ. ಇಬ್ಬರಿಗೂ ಕಾಳಜಿ ಇದ್ದದ್ದಕ್ಕೇ ಡೋಸ್ ಡಬಲ್ ಆಯಿತು.

ಅದಕ್ಕೆ ಮೂರು ವರ್ಷ ಮುಂಚೆ ಆಫೀಸಿನಲ್ಲಿ ಇದರ ಇನ್ನೊಂದು ಮುಖ ನೋಡಿದ್ದೆ. ಮನೆಗೆ ಸಾಮಾನು ತಲುಪಿಸುವ ಒಂದು ಆ್ಯಪ್. ಕೆಲವು ಗಿರಾಕಿಗಳಿಂದ ವಿಚಿತ್ರ ದೂರು ಬರುತ್ತಿತ್ತು: ಡೆಲಿವರಿ ಹುಡುಗನ ಫೋನಿನಲ್ಲಿ ಹೆಸರು ನಮ್ಮದು, ವಿಳಾಸ ಇನ್ಯಾರದ್ದೋ. ನನ್ನ ಲ್ಯಾಪ್‌ಟಾಪಿನಲ್ಲಿ ಸಾವಿರ ಸಲ ಓಡಿಸಿದರೂ ಸರಿಯಾಗೇ ಬರುತ್ತಿತ್ತು. ಎಲ್ಲಿ ತಪ್ಪುತ್ತಿದೆ ನೋಡೋಣ ಅಂತ ಕೋಡ್ ನಡುವೆ ಹೆಜ್ಜೆಹೆಜ್ಜೆಗೂ ಲಾಗ್ ಬರೆಸಿದೆ. ತಪ್ಪು ಮಾಯ. ಲಾಗ್ ತೆಗೆದೆ, ಮತ್ತೆ ಹಾಜರ್. ಟೀಮಿನಲ್ಲಿ ಅದಕ್ಕೆ ‘ದೆವ್ವ’ ಅಂತಲೇ ಹೆಸರಿಟ್ಟಿದ್ದೆವು.

ಒಂಬತ್ತು ದಿನದ ಮೇಲೆ ದೆವ್ವ ಸಿಕ್ಕಿತು. ಹೊಸ ಆರ್ಡರ್ ಬಂದಾಗ ಹಿನ್ನೆಲೆಯ ಥ್ರೆಡ್ ಅದೇ ಹಳೇ ಮಾಡೆಲ್‌ನ ಒಳಗೆ ಒಂದೊಂದೇ ವಿವರ ಬದಲಿಸುತ್ತಿತ್ತು. ಮೊದಲು ಹೆಸರು, ಆಮೇಲೆ ವಿಳಾಸ, ಆಮೇಲೆ ಫೋನ್ ನಂಬರ್. ತೆರೆ ಬಿಡಿಸುವ ಥ್ರೆಡ್ ಅಪರೂಪಕ್ಕೆ ಹೆಸರಿಗೂ ವಿಳಾಸಕ್ಕೂ ನಡುವಿನ ಸಂದಿಯಲ್ಲಿ ಬಂದು ಇಣುಕುತ್ತಿತ್ತು. ಅದಕ್ಕೆ ಕಂಡದ್ದು ಹೊಸ ಹೆಸರು, ಹಳೇ ವಿಳಾಸ. ಸುಣ್ಣ ಬಳಿಯುವಾಗ ಮನೆಗೆ ನೆಂಟರು ಬಂದ ಹಾಗೆ. ಲಾಗ್ ಬರೆಯಲು ಹಿಡಿಯುವ ಚೂರು ಸಮಯದಿಂದ ಇಬ್ಬರ ಹೆಜ್ಜೆ ಹಿಂದುಮುಂದಾಗಿ, ನಾನು ಹುಡುಕುವಾಗ ಮಾತ್ರ ಆ ಸಂದಿಯಲ್ಲಿ ಯಾರೂ ಇರುತ್ತಿರಲಿಲ್ಲ.

ಈ ಜಾತಿಯ ತಪ್ಪು ಜೀವ ತೆಗೆದದ್ದೂ ಉಂಟು. ಕಾಲೇಜಿನಲ್ಲಿ ನಾವೆಲ್ಲಾ ಓದಿದ, ಪರೀಕ್ಷೆ ಮುಗಿದ ಮೇಲೆ ಮರೆತ ಕತೆ ಅದು. ಕೆನಡಾದಲ್ಲಿ ತಯಾರಾದ ಥೆರಾಕ್-25 ಅನ್ನುವ ಯಂತ್ರ, ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವಂಥದ್ದು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ಮಂದಿಗೆ ಅದರಿಂದ ಮಿತಿ ಮೀರಿದ ವಿಕಿರಣ ಬಿತ್ತು. ಅದರಲ್ಲಿ 1986ರಲ್ಲಿ ಟೆಕ್ಸಾಸ್‌ನ ಟೈಲರ್ ಎಂಬ ಊರಿನಲ್ಲಿ ನಡೆದ ಎರಡು ಪ್ರಕರಣಗಳ ಹಿಂದೆ ಇದ್ದದ್ದು ರೇಸ್ ಕಂಡೀಷನ್. ಆ ಇಬ್ಬರು ರೋಗಿಗಳೂ ಉಳಿಯಲಿಲ್ಲ.

ನಡೆದದ್ದು ಇಷ್ಟು. ಯಂತ್ರಕ್ಕೆ ಎರಡು ವಿಧಾನ, ಎಕ್ಸ್-ರೇ ಮತ್ತು ಎಲೆಕ್ಟ್ರಾನ್. ಆಪರೇಟರ್ ಕೀಬೋರ್ಡಿನಲ್ಲಿ ತಪ್ಪಿ ಎಕ್ಸ್-ರೇ ಅಂತ ಒತ್ತಿ, ತಕ್ಷಣ ಗೊತ್ತಾಗಿ, ಮೇಲೆ ಹೋಗಿ ಎಲೆಕ್ಟ್ರಾನ್ ಅಂತ ತಿದ್ದಿದರು. ತೆರೆಯ ಮೇಲೆ ಎಲ್ಲಾ ಸರಿಯಾಗಿ ಕಾಣುತ್ತಿತ್ತು. ಆದರೆ ಅಷ್ಟರೊಳಗೆ ಪ್ರೋಗ್ರಾಮಿನ ಇನ್ನೊಂದು ಭಾಗ ಮೊದಲಿನ ವಿವರ ಓದಿಕೊಂಡು ಒಳಗಿನ ಅಯಸ್ಕಾಂತಗಳನ್ನು ಹೊಂದಿಸಲು ಶುರು ಮಾಡಿತ್ತು. ಅದಕ್ಕೆ ಬೇಕಾದದ್ದು ಸುಮಾರು ಎಂಟು ಸೆಕೆಂಡು. ಆ ಎಂಟು ಸೆಕೆಂಡಿನೊಳಗೆ ತಿದ್ದಿ ಮುಗಿಸಿದರೆ ತಿದ್ದಿದ ವಿಷಯ ಅದಕ್ಕೆ ತಿಳಿಯುತ್ತಲೇ ಇರಲಿಲ್ಲ. ಅರ್ಧ ಯಂತ್ರ ಒಂದು ವಿಧಾನದಲ್ಲಿ, ಅರ್ಧ ಇನ್ನೊಂದರಲ್ಲಿ.

ನಿಧಾನಕ್ಕೆ ಟೈಪ್ ಮಾಡುವವರಿಗೆ ಈ ತಪ್ಪು ಎದುರಾಗುತ್ತಿರಲಿಲ್ಲ. ಕೆಲಸ ಕಲಿತು ಕೈ ಚುರುಕಾದವರ ಕೈಯಲ್ಲೇ ಅದು ಹೊರಬಿತ್ತು. ಆ ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಆಪರೇಟರ್ ಕೂತು, ಮತ್ತೆ ಮತ್ತೆ ವೇಗವಾಗಿ ಟೈಪ್ ಮಾಡಿ ನೋಡಿದ ಮೇಲೇ ತಪ್ಪನ್ನು ಮರುಕಳಿಸಿ ತೋರಿಸಲು ಆದದ್ದು. ಇನ್ನೂ ಒಂದು ಮಾತಿದೆ. ಇದೇ ದೋಷ ಹಳೆಯ ಮಾಡೆಲ್ ಥೆರಾಕ್-20ರಲ್ಲೂ ಇತ್ತು. ಆದರೆ ಅದರಲ್ಲಿ ಬೇರೆಯಾಗಿ ಯಾಂತ್ರಿಕ ತಡೆಗಳಿದ್ದವು, ಹಾಗಾಗಿ ಅನಾಹುತ ಆಗಲಿಲ್ಲ. ಹೊಸದರಲ್ಲಿ ಆ ಕೆಲಸವನ್ನು ಸಾಫ್ಟ್‌ವೇರ್‌ಗೇ ಬಿಟ್ಟಿದ್ದರು.

2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಕೂತರಲ್ಲ, ಅದಕ್ಕೆ ಕಾರಣ ಹಲವು. ಅದರಲ್ಲೂ ಒಂದು, ನಿಯಂತ್ರಣ ಕೊಠಡಿಯ ಎಚ್ಚರಿಕೆ ಗಂಟೆಯ ಸಾಫ್ಟ್‌ವೇರ್ ಇಂಥದ್ದೇ ರೇಸ್ ಕಂಡೀಷನ್‌ಗೆ ಸಿಕ್ಕಿ ಸದ್ದಿಲ್ಲದೆ ನಿಂತುಹೋದದ್ದು. ಗಂಟೆ ಬಾರಿಸಲಿಲ್ಲವಾದ್ದರಿಂದ ಒಳಗಿದ್ದವರು ಎಲ್ಲಾ ಸರಿ ಇದೆ ಅಂದುಕೊಂಡಿದ್ದರು. ನಮ್ಮ ಚಾರ್ಟಿನ ಟಿಕ್ ನೋಡಿ ಇವರು ಸುಮ್ಮನಾದ ಹಾಗೆ.

ಮನೆಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಚಾರ್ಟ್ ಹರಿದು ಹಾಕಿದ್ದು. ಬದಲಿಗೆ ಏನು? ಇವರು, “ಒಂದು ಆ್ಯಪ್ ಹಾಕ್ಕೊಳ್ಳೋಣ, ಇಬ್ಬರ ಫೋನಿಗೂ ರಿಮೈಂಡರ್ ಬರುತ್ತೆ” ಅಂದರು. “ಇನ್ನೂ ಚೆನ್ನಾಗಾಯ್ತು, ಇಬ್ಬರಿಗೂ ಒಟ್ಟಿಗೇ ಬರುತ್ತೆ, ಇಬ್ಬರೂ ಒಟ್ಟಿಗೇ ಹೋಗಿ ಚುಚ್ಚೋಣ” ಅಂದೆ. ದಾರಿ ತೋರಿಸಿದ್ದು ಮಂಚದ ಮೇಲೆ ಮಲಗಿದ್ದ ಅತ್ತೆ.

“ನಿಮ್ಮ ಮಾವ ಇದ್ದಿದ್ರೆ ನಿಮ್ಮಿಬ್ರಿಗೂ ಮೆಮೊ ಕೊಡ್ತಿದ್ರು. ಟೋಕನ್ ಇಲ್ದೆ ಗಾಡಿ ಬಿಡ್ತಾರೇನೇ ಯಾರಾದ್ರೂ?”

ಮಾವ ಸ್ಟೇಷನ್ ಮಾಸ್ಟರ್ ಆಗಿದ್ದವರು. ಬೀರೂರಿನಿಂದಾಚೆ, ಒಂಟಿ ಹಳಿಯ ದಾರಿಯ ಪುಟ್ಟ ಸ್ಟೇಷನ್ನುಗಳಲ್ಲೇ ಅವರ ಬಹುಪಾಲು ನೌಕರಿ ಕಳೆದದ್ದು. ಅತ್ತೆಗೆ ಆ ಲೋಕ ಕರಗತ. ಎರಡು ಸ್ಟೇಷನ್ನುಗಳ ನಡುವೆ ಇರುವುದು ಒಂದೇ ಹಳಿ. ಎರಡೂ ಕಡೆಯಿಂದ ಗಾಡಿ ಬರಬೇಕು. ಎರಡೂ ತುದಿಯಲ್ಲಿ ಒಂದೊಂದು ಯಂತ್ರ, ಎರಡಕ್ಕೂ ತಂತಿಯ ಸಂಪರ್ಕ. ಒಳಗೆ ಉಕ್ಕಿನ ಚೆಂಡುಗಳು. ಇಬ್ಬರು ಸ್ಟೇಷನ್ ಮಾಸ್ಟರುಗಳೂ ಒಪ್ಪಿ ಒಂದು ಚೆಂಡು ತೆಗೆದರೆ, ಅದು ವಾಪಸ್ ಯಂತ್ರದೊಳಗೆ ಬೀಳುವ ತನಕ ಎರಡು ತುದಿಯಲ್ಲೂ ಇನ್ನೊಂದು ಚೆಂಡು ಬರುವುದಿಲ್ಲ. ಆ ಚೆಂಡನ್ನು ತೊಗಲಿನ ಚೀಲದಲ್ಲಿ ಹಾಕಿ, ದೊಡ್ಡ ಬಳೆಯಂಥ ಹಿಡಿಗೆ ಸಿಕ್ಕಿಸಿ ಡ್ರೈವರಿಗೆ ಕೊಡುತ್ತಾರೆ. ಅದು ಕೈಲಿದ್ದರೆ ಹಳಿ ನಿನ್ನದು. ಇಲ್ಲದಿದ್ದರೆ ಎಂಥ ಮೇಲ್ ಗಾಡಿಯಾದರೂ ನಿಂತಿರು.

ನಾನು ಬಾಯಿ ತೆರೆದು ಕೂತೆ. ನಾವು ಲಾಕ್, ಮ್ಯೂಟೆಕ್ಸ್, ಸೆಮಾಫೋರ್ ಅಂತ ಇಂಗ್ಲಿಷಿನಲ್ಲಿ ಬಡಿದಾಡುವುದೆಲ್ಲಾ ಇದೇ ಅಲ್ಲವಾ! ಒಂದೇ ವಸ್ತುವಿಗೆ ಹಲವು ಪ್ರೋಗ್ರಾಮುಗಳು ಕೈ ಹಾಕುವ ಈ ಸಮಸ್ಯೆಗೆ 1960ರ ದಶಕದಲ್ಲಿ ದಾರಿ ಹಾಕಿಕೊಟ್ಟವರಲ್ಲಿ ಡಚ್ ವಿಜ್ಞಾನಿ ಡೈಕ್‌ಸ್ಟ್ರಾ ಮುಖ್ಯರು. ಅವರು ತಮ್ಮ ಉಪಾಯಕ್ಕೆ ಸೆಮಾಫೋರ್ ಅಂತ ಹೆಸರಿಟ್ಟದ್ದು ರೈಲ್ವೆಯ ಕೈಮರವನ್ನು ನೋಡಿಯೇ. ನಾನು ಹೆಸರು ಓದಿದ್ದೆ. ಅತ್ತೆ ಗಾಡಿಯನ್ನೇ ನೋಡಿದ್ದರು.

ನಮ್ಮ ಮನೆಯ ಟೋಕನ್ ಒಂದು ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ. ಬಳಸುತ್ತಿರುವ ಇನ್ಸುಲಿನ್ ಪೆನ್ ಹೊರಗೇ ಇಡಬಹುದು ಅಂತ ಡಾಕ್ಟರು ಹೇಳಿದ್ದರಿಂದ ಪೆನ್, ಸೂಜಿ, ಒಂದು ಪುಟ್ಟ ನೋಟ್‌ಬುಕ್, ಬರೆಯುವ ಪೆನ್ನು ಎಲ್ಲಾ ಅದರೊಳಗೆ. ಡಬ್ಬಿ ಇರುವ ಜಾಗ ದೇವರಮನೆ ಪಕ್ಕದ ಗೂಡು. ಗೂಡಿನಲ್ಲಿ ಡಬ್ಬಿ ಇಲ್ಲವೆಂದರೆ ಯಾರೋ ಕೊಡುತ್ತಿದ್ದಾರೆ ಎಂದರ್ಥ, ನೀನು ಕಾಯಬೇಕು. ಡಬ್ಬಿ ತೆಗೆದವರು ಪುಸ್ತಕ ನೋಡಿ, ಇನ್ಸುಲಿನ್ ಕೊಟ್ಟು, ಟೈಮು ಮತ್ತು ಹೆಸರು ಬರೆದು, ಆಮೇಲೇ ಡಬ್ಬಿ ಗೂಡಿಗೆ ಇಡಬೇಕು. ನಡುವೆ ಮನೆಗೆ ಯಾರೇ ಬರಲಿ, ಫೋನು ಎಷ್ಟೇ ಹೊಡೆದುಕೊಳ್ಳಲಿ, ಡಬ್ಬಿ ಕೈಬಿಡುವಂತಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಎಡವುವುದು ಇಲ್ಲೇ. ಬರೆಯುವಾಗ ಮಾತ್ರ ಲಾಕ್ ಹಾಕುತ್ತಾರೆ. ಓದುವಾಗ ಯಾಕೆ ಬೇಕು, ಸುಮ್ಮನೆ ನೋಡುತ್ತೇವಲ್ಲ ಅನ್ನುತ್ತಾರೆ. ನಮ್ಮ ಹಳೇ ಚಾರ್ಟಿಗೆ ಬರೆಯುವಾಗ ಲಾಕ್ ಹಾಕಿದ್ದರೂ ಅತ್ತೆಗೆ ಎರಡು ಡೋಸ್ ಬೀಳುತ್ತಿತ್ತು. ನೋಡಿದ್ದಕ್ಕೂ ಮಾಡಿದ್ದಕ್ಕೂ ನಡುವಿನ ಸಂದಿಯಲ್ಲೇ ಅಪಾಯ ಇರುವುದು. ನೋಡುವುದು, ಮಾಡುವುದು, ಬರೆಯುವುದು ಮೂರೂ ಒಂದೇ ಕೆಲಸ ಅಂತ ಡಬ್ಬಿ ನಮಗೆ ಕಲಿಸಿತು.

ಹಾಗಂತ ಡಬ್ಬಿ ಬಂದ ಕೂಡಲೇ ಎಲ್ಲಾ ಸುಸೂತ್ರ ಆಗಲಿಲ್ಲ. ಎರಡನೇ ವಾರದಲ್ಲೇ ಒಂದು ತಮಾಷೆ. ಇವರು ಡಬ್ಬಿ ಹಿಡಿದು ಅಮ್ಮನ ರೂಮಿನಲ್ಲಿ ಕೂತಿದ್ದಾರೆ, ಸಕ್ಕರೆ ನೋಡಿ ಆಮೇಲೆ ಕೊಡೋಣ ಅಂತ ಗ್ಲುಕೋಮೀಟರ್‌ಗೆ ಕಾಯುತ್ತಾ. ಗ್ಲುಕೋಮೀಟರ್ ನನ್ನ ಕೈಲಿ. ನಾನು ಹಾಲ್‌ನಲ್ಲಿ ನಿಂತಿದ್ದೇನೆ, ಡಬ್ಬಿ ಗೂಡಿಗೆ ಬರಲಿ, ಆಮೇಲೆ ಹೋಗಿ ಚೆಕ್ ಮಾಡಿ ಬರೆಯೋಣ ಅಂತ. ನಿಯಮ ನಿಯಮವೇ ಅಂತ ಇಬ್ಬರೂ ಶಿಸ್ತಾಗಿ ಕಾದೆವು. ಇಪ್ಪತ್ತು ನಿಮಿಷ! ಕೊನೆಗೆ ಅತ್ತೆ, “ಅನ್ನ ಆರಿ ಕಲ್ಲಾಯ್ತು, ನೀವಿಬ್ರೂ ಏನು ಕಾಯ್ತಾ ಇದೀರಾ?” ಅಂತ ಕೂಗಿದರು.

ಇದಕ್ಕೂ ಹೆಸರಿದೆ, ಡೆಡ್‌ಲಾಕ್. ಅವನ ಹತ್ತಿರ ಇರುವುದು ನನಗೆ ಬೇಕು, ನನ್ನ ಹತ್ತಿರ ಇರುವುದು ಅವನಿಗೆ ಬೇಕು, ಇಬ್ಬರೂ ಬಿಡುವುದಿಲ್ಲ. ನೀವು ಬಳಸುವ ಆ್ಯಪ್ ಆಗಾಗ ಏನೂ ಹೇಳದೆ ಕಲ್ಲಿನ ಹಾಗೆ ನಿಲ್ಲುತ್ತದಲ್ಲ, ಅದಕ್ಕೆ ಕೆಲವು ಸಲ ಇದೇ ಕಾರಣ. ಪರಿಹಾರ ಎರಡು. ಎಲ್ಲರೂ ಒಂದೇ ಕ್ರಮದಲ್ಲಿ ವಸ್ತು ತೆಗೆದುಕೊಳ್ಳಬೇಕು, ಮೊದಲು ಡಬ್ಬಿ, ಆಮೇಲೆ ಮೀಟರ್. ಇಲ್ಲವೇ ಎರಡನ್ನೂ ಒಂದೇ ಲಾಕ್ ಕೆಳಗೆ ತರಬೇಕು. ನಾವು ಎರಡನೆಯದನ್ನು ಮಾಡಿದೆವು. ಈಗ ಗ್ಲುಕೋಮೀಟರ್ ಕೂಡ ಡಬ್ಬಿಯೊಳಗೇ.

ಮೈಸೂರಿನಲ್ಲಿರುವ ನಾದಿನಿಗೂ ಅಮ್ಮನ ಲೆಕ್ಕ ದಿನಾ ಬೇಕು. ಅವಳಿಗೆ ಡಬ್ಬಿ ಕೊಡಲಾಗುತ್ತದಾ? ರಾತ್ರಿ ನೋಟ್‌ಬುಕ್ಕಿನ ಪುಟದ ಒಂದು ಫೋಟೊ ಗ್ರೂಪಿಗೆ ಹಾಕುತ್ತೇವೆ. ಫೋಟೊವನ್ನು ಎಷ್ಟು ಜನ, ಯಾವಾಗ ಬೇಕಾದರೂ ನೋಡಲಿ, ಯಾರೂ ತಿದ್ದುವ ಹಾಗಿಲ್ಲ. ಆಫೀಸಿನ ದೆವ್ವ ಬಿಟ್ಟದ್ದೂ ಇದೇ ಮಂತ್ರಕ್ಕೆ. ಮೊದಲು ನಾನು ಲಾಕ್ ಮೇಲೆ ಲಾಕ್ ಹಾಕಿದ್ದೆ. ತಪ್ಪು ಹೋಯಿತು, ಆದರೆ ಆ್ಯಪ್ ಸಂಜೆ ಆರರ ಸಿಲ್ಕ್ ಬೋರ್ಡ್ ಜಂಕ್ಷನ್ ಆಯಿತು. ಆಗ ನಮ್ಮ ಸೀನಿಯರ್ ಒಬ್ಬರು, “ಕಾವಲು ಹಾಕೋದಕ್ಕಿಂತ, ಬದಲಾಗೋ ವಸ್ತುನ ಹಂಚ್ಕೊಳ್ಳೋದನ್ನೇ ಬಿಡಮ್ಮ” ಅಂದರು. ಹಳೇ ಆರ್ಡರ್ ಒಳಗೆ ಕೈ ಹಾಕಿ ತಿದ್ದುವುದನ್ನು ನಿಲ್ಲಿಸಿದೆವು. ಹಿನ್ನೆಲೆಯ ಥ್ರೆಡ್ ಹೊಸ ಆರ್ಡರನ್ನು ಪಕ್ಕದಲ್ಲಿ ಪೂರ್ತಿ ತಯಾರು ಮಾಡುತ್ತದೆ. ಮುಗಿದ ಮೇಲೆ ಒಂದೇ ಏಟಿಗೆ ಹಳೆಯದರ ಜಾಗಕ್ಕೆ ಹೊಸದು. ಇಣುಕಿದವರಿಗೆ ಪೂರ್ತಿ ಹಳೆಯದು ಕಾಣಬಹುದು, ಇಲ್ಲವೇ ಪೂರ್ತಿ ಹೊಸದು. ಅರ್ಧಂಬರ್ಧ ಯಾರಿಗೂ ಕಾಣುವುದಿಲ್ಲ. ಆ ಬದಲಿಸುವ ಕೆಲಸವೂ ಒಂದೇ ಥ್ರೆಡ್‌ನದು.

ನನ್ನ ಕೆಲಸದ ಬಗ್ಗೆ ಮನೆಯಲ್ಲಿ ಯಾರಿಗೂ ಹೆಚ್ಚು ಹೇಳಿದವಳಲ್ಲ. ಕೇಳಿದರೆ “ಕಂಪ್ಯೂಟರ್ ಕೆಲಸ” ಅಂತ ಮುಗಿಸುತ್ತಿದ್ದೆ. ಅವರಿಗೆ ಅರ್ಥವಾಗುವುದಿಲ್ಲ ಅನ್ನುವ ಸಣ್ಣ ಅಹಂ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಇಷ್ಟು ವರ್ಷ ಆಫೀಸಿನಲ್ಲಿ ಬೇರೆಯವರ ಕೋಡ್ ನೋಡಿ, “ಇಲ್ಲಿ ಇಬ್ಬರು ಒಟ್ಟಿಗೆ ಬಂದರೆ ಏನಾಗುತ್ತೆ?” ಅಂತ ಕೇಳುತ್ತಿದ್ದವಳು, ನನ್ನ ಚಾರ್ಟಿಗೆ ಆ ಪ್ರಶ್ನೆ ಕೇಳಿರಲಿಲ್ಲ. ಎಂಟು ತಿಂಗಳು ಸರಿಯಾಗಿ ನಡೆದದ್ದನ್ನೇ ಅದು ಸರಿ ಇದೆ ಅನ್ನುವುದಕ್ಕೆ ಸಾಕ್ಷಿ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಎಂಟು ತಿಂಗಳು ನಾವಿಬ್ಬರೂ ಒಂದೇ ಹತ್ತು ನಿಮಿಷದೊಳಗೆ ಫ್ರಿಜ್ಜಿನ ಮುಂದೆ ಬಂದಿರಲಿಲ್ಲ, ಅಷ್ಟೇ.

ನಿಮ್ಮ ಮನೆಯಲ್ಲೂ ಅಪ್ಪನ ಬಿಪಿ ಮಾತ್ರೆ, ಮಗುವಿನ ಜ್ವರದ ಸಿರಪ್ಪು ಇಬ್ಬರ ಕೈಯಲ್ಲಿದ್ದರೆ ಒಂದು ಡಬ್ಬಿ ಹುಡುಕಿ. ತೂತಿದ್ದರೂ ನಡೆಯುತ್ತದೆ.

ಈಗ ಸಂಜೆ ಏಳೂವರೆ ಆದರೆ ಅತ್ತೆ ಟಿವಿ ಸೌಂಡ್ ಕಮ್ಮಿ ಮಾಡಿ ಗೂಡಿನ ಕಡೆ ಕಿವಿ ಇಟ್ಟಿರುತ್ತಾರೆ. ಬರಿಗೈಯಲ್ಲಿ ಹೋದರೆ ಮಗನಿಗೂ ತೋಳು ಮುಂದೆ ಮಾಡುವುದಿಲ್ಲ. ತಗಡಿನ ಮುಚ್ಚಳದ ಸದ್ದು ಕೇಳಿಸಿದ ಮೇಲೇ ಸೀರೆಯ ಸೆರಗು ಸರಿಸಿ ಕೇಳುತ್ತಾರೆ:

“ಟೋಕನ್ ತಂದ್ಯೇನೇ? ಹಾಗಾದ್ರೆ ಬಿಡು ಗಾಡಿನ.”